ಹಳೆಯ ಗೆಜೆಟ್ ಓದುವ ಬಗೆ: ನ್ಯೂ ಸೌತ್ ವೇಲ್ಸ್ ವಸಾಹತಿನ ಸರ್ಕಾರಿ ಪ್ರಕಟಣೆ, ನೇಮಕಾತಿಗಳನ್ನು ಹುಡುಕುವವರಿಗೆ

ಗೆಜೆಟ್ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಹೆಸರು ಬದಲಾವಣೆ, ಭೂಸ್ವಾಧೀನದ ನೋಟಿಸು, ಅಧಿಕಾರಿಗಳ ವರ್ಗಾವಣೆ. ಬೇಕಾದ ಒಂದು ಸಾಲು ಸಿಕ್ಕಿತೆಂದರೆ ಉಳಿದದ್ದನ್ನು ಯಾರೂ ಓದುವುದಿಲ್ಲ. 19ನೇ ಶತಮಾನದ ಬ್ರಿಟಿಷ್ ವಸಾಹತೊಂದು ದಿನದಿಂದ ದಿನಕ್ಕೆ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಾದವರು ಮಾತ್ರ ಆ ಉಳಿದದ್ದನ್ನೇ ಓದಬೇಕು. ಯಾರನ್ನು ಯಾವ ಹುದ್ದೆಗೆ ಹಾಕಿದರು, ಯಾವ ಜಮೀನು ಯಾವ ಬೆಲೆಗೆ ಹರಾಜಿಗೆ ಬಂತು, ಯಾವ ಕೈದಿ ಯಾರ ಮನೆಯಿಂದ ಓಡಿಹೋದ, ದೊಡ್ಡಿಗೆ ಬಿದ್ದ ಎತ್ತಿನ ಮೈಮೇಲೆ ಯಾವ ಗುರುತಿತ್ತು ಎಂಬುದೆಲ್ಲ ಅಲ್ಲಿ ವಾರವಾರ ಅಚ್ಚಾಗಿದೆ.

ಈ ಲೇಖನಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಅನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣಗಳಿವೆ. ಅದರ ಗೆಜೆಟ್ ಮನೆಯಲ್ಲೇ ಕುಳಿತು ದುಡ್ಡಿಲ್ಲದೆ ಓದಲು ಸಿಗುತ್ತದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ತಾವು ಮನೆ ಮಾಡಿರುವ ಬಡಾವಣೆಯ ಹಿಂದಿನ ಕಥೆಯನ್ನು ಇದರಲ್ಲಿ ತಾವೇ ಹುಡುಕಿಕೊಳ್ಳಬಹುದು. ಊರಲ್ಲಿ ಕುಳಿತು ಓದುವವರಿಗೂ ಇಲ್ಲಿ ಒಂದು ಎಳೆ ಇದೆ: ಆ ವಸಾಹತಿನ ಹಂಗಾಮಿ ಗವರ್ನರ್ ಆಗಿದ್ದವನೊಬ್ಬ ಮೂರು ವರ್ಷ ತುಂಬುವ ಮೊದಲೇ ಮಡಿಕೇರಿಯ ಕೋಟೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನ ವಿಷಯ ಮುಂದೆ ಬರುತ್ತದೆ.

ಮೊದಲು ಯಾವ ಗೆಜೆಟ್ ಎಂದು ಖಚಿತಪಡಿಸಿಕೊಳ್ಳಿ

‘ಸಿಡ್ನಿ ಗೆಜೆಟ್’ ಮತ್ತು ‘ಗವರ್ನಮೆಂಟ್ ಗೆಜೆಟ್’ ಎರಡು ಬೇರೆ ಬೇರೆ ಪತ್ರಿಕೆಗಳು. ಸಿಡ್ನಿ ಗೆಜೆಟ್‌ನ ಮೊದಲ ಸಂಚಿಕೆ 1803ರ ಮಾರ್ಚ್ 5ರಂದು ಹೊರಬಂತು. ಗವರ್ನರ್ ಫಿಲಿಪ್ ಗಿಡ್ಲೆ ಕಿಂಗ್‌ನ ಅನುಮತಿಯಿಂದ ಅದನ್ನು ಅಚ್ಚು ಮಾಡಿದವನು ಜಾರ್ಜ್ ಹೋ. ಅಂಗಡಿ ಕಳವಿಗೆ ಶಿಕ್ಷೆಯಾಗಿ, ಹಡಗು ಹತ್ತಿಸಿ ಕಳಿಸಲಾಗಿದ್ದ ಕೈದಿ ಅವನು. ಅಚ್ಚುಕೂಟ ಸರ್ಕಾರದ್ದು, ಅಚ್ಚಿಗೆ ಹೋಗುವ ಮುನ್ನ ಬರಹವನ್ನು ನೋಡಿ ಬಿಡುತ್ತಿದ್ದವರೂ ಸರ್ಕಾರದವರೇ. ಸರ್ಕಾರದ ಆಜ್ಞೆಗಳ ಜೊತೆಗೆ ಹಡಗುಗಳ ಸುದ್ದಿ, ಧಾರಣೆ, ಅಪರಾಧ, ಜಾಹೀರಾತು ಎಲ್ಲ ಒಂದೇ ಕಡೆ ಇರುತ್ತಿದ್ದವು. 1810ರಿಂದ 1821ರವರೆಗೆ ಗವರ್ನರ್ ಆಗಿದ್ದ ಲಾಕ್ಲನ್ ಮ್ಯಾಕ್ವಾರಿಯ ಆಜ್ಞೆಗಳೆಲ್ಲ ಇದರಲ್ಲೇ ಸಿಗುತ್ತವೆ. ಶ್ರೀರಂಗಪಟ್ಟಣದ 1792ರ ಮುತ್ತಿಗೆಯಲ್ಲೂ 1799ರ ಮುತ್ತಿಗೆಯಲ್ಲೂ ಬ್ರಿಟಿಷ್ ಸೇನೆಯಲ್ಲಿದ್ದ ಅಧಿಕಾರಿಯೇ ಈ ಮ್ಯಾಕ್ವಾರಿ.

ಸರ್ಕಾರಿ ಪ್ರಕಟಣೆಗಳಿಗೆಂದೇ ಪ್ರತ್ಯೇಕವಾಗಿ ‘ನ್ಯೂ ಸೌತ್ ವೇಲ್ಸ್ ಗವರ್ನಮೆಂಟ್ ಗೆಜೆಟ್’ ಶುರುವಾದದ್ದು 1832ರ ಮಾರ್ಚ್ 7, ಬುಧವಾರ. ಆದ್ದರಿಂದ ಈ ತಾರೀಖಿಗಿಂತ ಹಿಂದಿನ ನೇಮಕಾತಿ ಬೇಕಿದ್ದರೆ ಸಿಡ್ನಿ ಗೆಜೆಟ್ ನೋಡಿ, ಈಚಿನದಕ್ಕೆ ಗವರ್ನಮೆಂಟ್ ಗೆಜೆಟ್ ನೋಡಿ. ಸಿಡ್ನಿ ಗೆಜೆಟ್ 1842ರವರೆಗೂ ಬರುತ್ತಿತ್ತು. ಆ ಹತ್ತು ವರ್ಷಗಳ ಮಟ್ಟಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಲಾಭದ ಕೆಲಸ.

ಇನ್ನು ಗಡಿಯ ವಿಚಾರ. ಈಗಿನ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಸಿಗಬೇಕಾದದ್ದು ಸಿಗುವುದಿಲ್ಲ. ಮೆಲ್ಬರ್ನ್ ಇರುವ ಪ್ರದೇಶ 1851ರ ಜುಲೈ 1ರಂದು ವಿಕ್ಟೋರಿಯಾ ಎಂಬ ಬೇರೆ ವಸಾಹತಾಗುವವರೆಗೆ ನ್ಯೂ ಸೌತ್ ವೇಲ್ಸ್‌ಗೆ ಸೇರಿತ್ತು. ಆಗ ಅದರ ಹೆಸರು ಪೋರ್ಟ್ ಫಿಲಿಪ್. ಬ್ರಿಸ್ಬೇನ್‌ನ ಪ್ರಕಟಣೆಗಳು 1859ರ ಡಿಸೆಂಬರ್‌ವರೆಗೂ ಸಿಡ್ನಿಯ ಗೆಜೆಟ್‌ನಲ್ಲೇ ಇವೆ, ಏಕೆಂದರೆ ಕ್ವೀನ್ಸ್‌ಲ್ಯಾಂಡ್ ಬೇರೆಯಾದದ್ದು ಆಗ. ನ್ಯೂಜಿಲೆಂಡ್ ಕೂಡ 1840ರಿಂದ 1841ರವರೆಗೆ ಸಿಡ್ನಿಯ ಅಧೀನದಲ್ಲಿತ್ತು. ವಿಲಿಯಂ ಹಾಬ್ಸನ್ ಅಲ್ಲಿಗೆ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದಾಗಿನ ಘೋಷಣೆಗಳನ್ನು ಹೊರಡಿಸಿದವನು ಸಿಡ್ನಿಯ ಗವರ್ನರ್ ಜಾರ್ಜ್ ಗಿಪ್ಸ್. ಟಾಸ್ಮೇನಿಯಾ 1825ರಲ್ಲೇ ಬೇರೆಯಾಗಿತ್ತು, ಅದಕ್ಕೆ ಹೋಬಾರ್ಟ್‌ನ ಗೆಜೆಟ್ ನೋಡಬೇಕು.

ಟ್ರೋವ್‌ನಲ್ಲಿ ಹುಡುಕುವ ಕ್ರಮ

ಕ್ಯಾನ್ಬೆರಾದಲ್ಲಿರುವ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣ ತೆರೆಯಿರಿ. ಅದರಲ್ಲಿ ಪತ್ರಿಕೆ ಮತ್ತು ಗೆಜೆಟ್‌ಗಳ ವಿಭಾಗವನ್ನು ಆರಿಸಿ, ಮುಂದುವರಿದ ಹುಡುಕಾಟಕ್ಕೆ ಹೋಗಿ, ಪತ್ರಿಕೆಯ ಹೆಸರಿನ ಜಾಗದಲ್ಲಿ ನ್ಯೂ ಸೌತ್ ವೇಲ್ಸ್ ಗವರ್ನಮೆಂಟ್ ಗೆಜೆಟ್ ಒಂದನ್ನೇ ಗುರುತು ಮಾಡಿ. ಆರಂಭ, ಕೊನೆಯ ತಾರೀಖು ಹಾಕಿ. ಇಷ್ಟು ಮಾಡದೆ ಬರೀ ಹೆಸರು ಹಾಕಿ ಹುಡುಕಿದರೆ ಇಡೀ ಆಸ್ಟ್ರೇಲಿಯಾದ ಪತ್ರಿಕೆಗಳೆಲ್ಲ ಮೈಮೇಲೆ ಬೀಳುತ್ತವೆ.

ಹುಡುಕುವ ಪದವನ್ನು ಇಂಗ್ಲಿಷಿನಲ್ಲೇ ಕೊಡಬೇಕು, ಅದೂ ಆ ಕಾಲದ ಇಂಗ್ಲಿಷಿನಲ್ಲಿ. ವ್ಯಕ್ತಿಯ ಹೆಸರಿಗಿಂತ ಹುದ್ದೆಯ ಹೆಸರಿನಿಂದ ಶುರು ಮಾಡುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಪೊಲೀಸ್ ಮ್ಯಾಜಿಸ್ಟ್ರೇಟ್, ಕ್ಲರ್ಕ್ ಆಫ್ ಪೆಟಿ ಸೆಷನ್ಸ್ (ಕೆಳ ನ್ಯಾಯಾಲಯದ ಗುಮಾಸ್ತ), ಪೌಂಡ್‌ಕೀಪರ್ (ದೊಡ್ಡಿ ಕಾಯುವವ), ಪೋಸ್ಟ್‌ಮಾಸ್ಟರ್, ಕರೋನರ್ (ಅಸಹಜ ಸಾವಿನ ವಿಚಾರಣೆ ನಡೆಸುವವ), ಕಮಿಷನರ್ ಆಫ್ ಕ್ರೌನ್ ಲ್ಯಾಂಡ್ಸ್ (ಸರ್ಕಾರಿ ಜಮೀನಿನ ಅಧಿಕಾರಿ) ಎಂಬಂಥ ಹುದ್ದೆಗಳ ಜೊತೆ ಊರಿನ ಹೆಸರನ್ನು ಸೇರಿಸಿ, ಎರಡನ್ನೂ ಬೇರೆ ಬೇರೆ ಉದ್ಧರಣ ಚಿಹ್ನೆಯೊಳಗೆ ಇಡಿ. ವ್ಯಕ್ತಿಯ ಹೆಸರು ಹತ್ತು ಬಗೆಯಲ್ಲಿ ಅಚ್ಚಾಗಿರುತ್ತದೆ, ಹುದ್ದೆ ಹಾಗಲ್ಲ. ವಸಾಹತಿನ ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಮ್ಯಾಕ್ಲೇಯ ಹೆಸರನ್ನೇ ನೋಡಿ: ಎಂ-ಸಿ ಎಂದೂ ಇದೆ, ಎಂ-ಎ-ಸಿ ಎಂದೂ ಇದೆ, ಎಂ ಅಕ್ಷರದ ಪಕ್ಕ ಒಂದು ಅಲ್ಪವಿರಾಮವನ್ನು ಮೇಲಕ್ಕೆತ್ತಿ ಇಟ್ಟದ್ದೂ ಇದೆ. ವಿಲಿಯಂ ಎನ್ನುವುದು ಡಬ್ಲ್ಯು-ಎಂ, ಜೇಮ್ಸ್ ಎನ್ನುವುದು ಜೆ-ಎ-ಎಸ್, ಜಾನ್ ಎನ್ನುವುದು ಜೆ-ಎನ್-ಓ, ಥಾಮಸ್ ಎನ್ನುವುದು ಟಿ-ಎಚ್-ಓ-ಎಸ್ ಎಂದು ಕುಗ್ಗಿರುತ್ತದೆ. ಒಂದು ಸಲ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ, ಈ ಕುಗ್ಗಿದ ರೂಪಗಳನ್ನೂ ಹಾಕಿ ನೋಡಿ.

ಟ್ರೋವ್‌ನಲ್ಲಿ ಗೆಜೆಟ್ ಬರಹಗಳನ್ನು ನೇಮಕಾತಿ, ಘೋಷಣೆ ಮತ್ತು ಕಾನೂನು, ಟೆಂಡರು, ಖಾಸಗಿ ನೋಟಿಸು ಎಂದು ವಿಂಗಡಿಸಿದ್ದಾರೆ. ದಾರಿ ತೋರಿಸಲು ಅದು ಒಳ್ಳೆಯದೇ. ಆದರೆ ಒಂದೇ ಕಾಲಂನಲ್ಲಿ ಮೂರು ಬಗೆಯ ಪ್ರಕಟಣೆಗಳು ಅಂಟಿಕೊಂಡಿರುವುದರಿಂದ ಆ ವಿಂಗಡಣೆಯನ್ನೇ ನೆಚ್ಚಿಕೊಳ್ಳುವಂತಿಲ್ಲ.

ಪಕ್ಕದಲ್ಲಿ ಕಾಣುವ ಟೈಪಾದ ಪಠ್ಯವನ್ನು ಯಂತ್ರ ಓದಿ ತೆಗೆದದ್ದು. ಅದನ್ನು ಹುಡುಕಾಟಕ್ಕೆ ಮಾತ್ರ ಬಳಸಿ, ಓದುವುದು ಪುಟದ ಚಿತ್ರದಲ್ಲೇ ಇರಲಿ. ಸವೆದ ಅಚ್ಚುಮೊಳೆಯಲ್ಲಿ 3 ಮತ್ತು 8, 1 ಮತ್ತು 7 ಒಂದಕ್ಕೊಂದು ಅದಲುಬದಲಾಗುತ್ತವೆ. ಜಮೀನಿನ ಅಳತೆಯಲ್ಲೋ ತಾರೀಖಿನಲ್ಲೋ ಹಾಗಾದರೆ ನೀವು ಮುಂದೆ ಕಟ್ಟುವುದೆಲ್ಲ ಕುಸಿಯುತ್ತದೆ. ಸಿಡ್ನಿ ಗೆಜೆಟ್‌ನ ಮೊದಮೊದಲ ಸಂಚಿಕೆಗಳಲ್ಲಿ ಉದ್ದನೆಯ ಎಸ್ ಅಕ್ಷರವಿದ್ದು, ಯಂತ್ರ ಅದನ್ನು ಎಫ್ ಎಂದು ಓದಿರುತ್ತದೆ. ಅಲ್ಲಿ ಎಸ್ ಇರುವ ಪದಗಳನ್ನು ಎಫ್ ಹಾಕಿಯೂ ಹುಡುಕಿ.

ಒಂದು ಪ್ರಕಟಣೆಯ ಅಂಗಾಂಗ

ಪ್ರಕಟಣೆ ಸಿಕ್ಕಿತು ಎನ್ನೋಣ. ನಡುವಿನ ವಿಷಯಕ್ಕೆ ನೇರವಾಗಿ ಹೋಗಬೇಡಿ. ತಲೆಯಿಂದ ಶುರು ಮಾಡಿ ಬುಡದವರೆಗೆ ಓದಿ.

ತಲೆಯಲ್ಲಿ ಕಚೇರಿಯ ಹೆಸರು, ಊರು, ತಾರೀಖು ಇರುತ್ತದೆ. ಹೆಚ್ಚಿನವು ‘ಕಲೋನಿಯಲ್ ಸೆಕ್ರೆಟರೀಸ್ ಆಫೀಸ್, ಸಿಡ್ನಿ’ ಎಂದಿರುತ್ತವೆ. ವಸಾಹತಿನ ಆಡಳಿತದ ಕಾಗದವೆಲ್ಲ ಹಾದುಹೋಗುತ್ತಿದ್ದ ಕಚೇರಿ ಅದು. ಸರ್ವೇಯರ್ ಜನರಲ್, ಖಜಾನೆ, ಕೈದಿಗಳ ಮುಖ್ಯ ಅಧೀಕ್ಷಕರ ಕಚೇರಿಗಳಿಂದಲೂ ಬರುತ್ತವೆ. ಪ್ರಕಟಣೆ ಯಾವ ಕಚೇರಿಯಿಂದ ಬಂದಿದೆಯೋ ಮೂಲ ಕಡತ ಆ ಕಚೇರಿಯ ದಾಖಲೆಗಳಲ್ಲಿರುತ್ತದೆ. ಮುಂದೆ ನೀವು ನ್ಯೂ ಸೌತ್ ವೇಲ್ಸ್‌ನ ರಾಜ್ಯ ಪತ್ರಾಗಾರಕ್ಕೆ ಬರೆದು ಕೇಳುವುದಾದರೆ ಮೊದಲು ಬೇಕಾಗುವುದು ಇದೇ.

ನಂತರ ಅಧಿಕಾರದ ಸಾಲು. ಇದು ‘ಗವರ್ನರ್ ಅವರು ಸಂತೋಷದಿಂದ ನೇಮಿಸಿದ್ದಾರೆ’ ಎನ್ನುವ ಮಾದರಿಯಲ್ಲಿದ್ದರೆ ಸ್ಥಳೀಯ ನೇಮಕಾತಿ. ಲಂಡನ್‌ನಲ್ಲಿರುವ ಮಂತ್ರಿಯ ಸೂಚನೆಯಂತೆ ಎಂದಿದ್ದರೆ ತೀರ್ಮಾನ ಅಲ್ಲಿಯದು, ಸಿಡ್ನಿ ಅದನ್ನು ಸಾರಿದೆ ಅಷ್ಟೆ. ಶಾಸಕಾಂಗ ಪರಿಷತ್ತಿನ ಒಂದು ಕಾಯ್ದೆಯ ಹೆಸರು ಹೇಳಿದ್ದರೆ ಆ ಕಾಯ್ದೆ ಬರುವ ಮೊದಲು ಆ ಹುದ್ದೆ ಇತ್ತೇ ಎಂದು ಕೇಳಿಕೊಳ್ಳಿ. ಬುಡದಲ್ಲಿ ‘ಗವರ್ನರ್ ಅವರ ಅಪ್ಪಣೆಯಂತೆ’ ಎಂಬ ಸಾಲು ಮತ್ತು ಸಹಿ ಮಾಡಿದವನ ಹೆಸರು. 1826ರಿಂದ 1836ರ ಕೊನೆಯವರೆಗೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಮ್ಯಾಕ್ಲೇ, 1837ರಿಂದ 1856ರವರೆಗೆ ಎಡ್ವರ್ಡ್ ಡೀಸ್ ಥಾಮ್ಸನ್. ತಾರೀಖು ಹರಿದುಹೋದ ಪುಟವೊಂದು ಕೈಗೆ ಸಿಕ್ಕಿದರೆ ಈ ಸಹಿಯೇ ಕಾಲವನ್ನು ಹೇಳಿಬಿಡುತ್ತದೆ.

ಹೆಸರಿನ ಹಿಂದೆ ಮುಂದೆ ಏನಿದೆ ಎಂಬುದನ್ನೂ ಬಿಡಬೇಡಿ. ಮನೆತನ, ಜಮೀನು, ಸ್ಥಾನವಿದ್ದವನ ಹೆಸರಿನ ನಂತರ ‘ಎಸ್ಕ್ವೈರ್’ ಇರುತ್ತದೆ. ಸಣ್ಣ ಹುದ್ದೆಯ ಸ್ವತಂತ್ರ ಮನುಷ್ಯ ಬರೀ ‘ಮಿಸ್ಟರ್’. ಕೈದಿಗಳ ಪಟ್ಟಿಯಲ್ಲಿ ಹೆಸರು ಬೋಳಾಗಿರುತ್ತದೆ, ಅದರ ಬದಲು ಬಂದ ಹಡಗಿನ ಹೆಸರು ಅಂಟಿಕೊಂಡಿರುತ್ತದೆ. ವಸಾಹತಿನ ಸಮಾಜ ಯಾರನ್ನು ಎಲ್ಲಿ ನಿಲ್ಲಿಸಿತ್ತೆಂಬುದು ವಿಷಯಕ್ಕೆ ಬರುವ ಮೊದಲೇ ಗೊತ್ತಾಗುತ್ತದೆ.

ತಾರೀಖುಗಳ ಗೋಜಲು

ಪ್ರತಿ ಪ್ರಕಟಣೆಗೂ ಕನಿಷ್ಠ ಮೂರು ತಾರೀಖು ಇರಬಹುದು: ಬರೆದದ್ದು, ಅಚ್ಚಾದದ್ದು, ಜಾರಿಗೆ ಬಂದದ್ದು. ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಒಳಗಿನ ಪಠ್ಯದಲ್ಲಿ ‘ಇನ್ಸ್ಟಂಟ್’ ಎಂದಿದ್ದರೆ ಇದೇ ತಿಂಗಳು, ‘ಅಲ್ಟಿಮೊ’ ಎಂದರೆ ಕಳೆದ ತಿಂಗಳು, ‘ಪ್ರಾಕ್ಸಿಮೊ’ ಎಂದರೆ ಬರುವ ತಿಂಗಳು. ಇವು ಮೂರೂ ಕತ್ತರಿಸಿದ ರೂಪದಲ್ಲಿ ಅಚ್ಚಾಗಿರುತ್ತವೆ. ತಿಂಗಳನ್ನು ಎಣಿಸಬೇಕಾದದ್ದು ತಲೆಯಲ್ಲಿರುವ, ಅಂದರೆ ಪ್ರಕಟಣೆ ಬರೆದ ತಾರೀಖಿನಿಂದ. ಅಚ್ಚಾದ ತಾರೀಖಿನಿಂದ ಎಣಿಸಿದರೆ ತಿಂಗಳ ಕೊನೆಯ ವಾರದ ಪ್ರಕಟಣೆಗಳಲ್ಲಿ ಒಂದು ತಿಂಗಳು ತಪ್ಪಿಹೋಗುತ್ತದೆ.

ಇನ್ನೊಂದು, ಸಮುದ್ರದ ದೂರ. ಲಂಡನ್‌ನಿಂದ ಸಿಡ್ನಿಗೆ ಕಾಗದ ಬರಲು ಸುಮಾರು ನಾಲ್ಕು ತಿಂಗಳು ಬೇಕಿತ್ತು, ಉತ್ತರ ಹೋಗಲು ಮತ್ತಷ್ಟು. ರಾಜ ನಾಲ್ಕನೇ ವಿಲಿಯಂ ತೀರಿಕೊಂಡದ್ದು 1837ರ ಜೂನ್ 20ರಂದು. ಸಿಡ್ನಿಯಲ್ಲಿ ವಿಕ್ಟೋರಿಯಾ ರಾಣಿಯಾದಳೆಂದು ಸಾರಿದ್ದು ಅಕ್ಟೋಬರ್ ತಿಂಗಳಲ್ಲಿ. ಆ ನಡುವಿನ ಗೆಜೆಟ್‌ಗಳು ಇಲ್ಲದ ರಾಜನ ಹೆಸರಿನಲ್ಲೇ ಮಾತಾಡುತ್ತಿವೆ. ಇದು ಮುದ್ರಣದೋಷವಲ್ಲ. ಮೇಲಿನ ದರ್ಜೆಯ ಹುದ್ದೆಗೆ ಗವರ್ನರ್ ಯಾರನ್ನಾದರೂ ಹಾಕಿದರೆ ಲಂಡನ್‌ನ ಒಪ್ಪಿಗೆ ಬರುವವರೆಗೆ ಅದು ತಾತ್ಕಾಲಿಕ. ಹಾಗಾಗಿ ಒಂದೇ ಹುದ್ದೆಗೆ ಒಬ್ಬನೇ ವ್ಯಕ್ತಿಯ ನೇಮಕಾತಿ ವರ್ಷದ ಅಂತರದಲ್ಲಿ ಎರಡು ಸಲ ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ಮೊದಲನೆಯದು ಸಿಡ್ನಿಯದು, ಎರಡನೆಯದು ಲಂಡನ್ ಮುದ್ರೆ ಒತ್ತಿದ್ದು.

ನೇಮಕಾತಿಯ ಸರಪಳಿ ಹಿಡಿಯುವುದು

ನೇಮಕಾತಿಯನ್ನು ಒಂಟಿಯಾಗಿ ಓದಿದರೆ ಅರ್ಧ ಅರ್ಥ ಮಾತ್ರ ಸಿಗುತ್ತದೆ. ಒಬ್ಬ ಮೇಲೇರಿದರೆ ಅವನು ಬಿಟ್ಟ ಕುರ್ಚಿಗೆ ಇನ್ನೊಬ್ಬ, ಅವನದಕ್ಕೆ ಮತ್ತೊಬ್ಬ ಬರುತ್ತಾನೆ. ಪ್ರಕಟಣೆಯಲ್ಲಿ ‘ವೈಸ್’ ಎಂದು ಬರೆದು ಒಂದು ಹೆಸರು ಕೊಟ್ಟಿದ್ದರೆ, ಆ ಹೆಸರಿನವನಿಂದ ತೆರವಾದ ಜಾಗಕ್ಕೆ ಎಂದರ್ಥ. ಅದರ ಮುಂದೆ ರಾಜೀನಾಮೆ, ಮರಣ, ವರ್ಗಾವಣೆ ಎಂಬ ಕಾರಣವೂ ಇರಬಹುದು. ಆ ಹೆಸರನ್ನು ಹಿಡಿದು ಹಿಂದಕ್ಕೆ ಹೋಗಿ. ‘ಆಕ್ಟಿಂಗ್’ ಎಂದಿದ್ದರೆ ನಮ್ಮ ಕಚೇರಿಗಳ ಪ್ರಭಾರ ಇದ್ದ ಹಾಗೆ. ಪ್ರಭಾರದ ನಿಜವಾದ ಒಡೆಯ ರಜೆಯಲ್ಲಿದ್ದಾನೋ, ತೀರಿಕೊಂಡಿದ್ದಾನೋ, ಇನ್ನೂ ಹಡಗಿನಲ್ಲಿದ್ದಾನೋ ಎಂದು ಹುಡುಕಬೇಕು.

ಒಂದು ನಿಜವಾದ ಸರಪಳಿ ನೋಡೋಣ. 1837ರ ಜನವರಿಯಲ್ಲಿ ಮ್ಯಾಕ್ಲೇ ಹೋಗಿ ಡೀಸ್ ಥಾಮ್ಸನ್ ವಸಾಹತಿನ ಕಾರ್ಯದರ್ಶಿಯಾದ. ಅದಕ್ಕೆ ಮೊದಲು ಅವನು ಶಾಸಕಾಂಗ ಮತ್ತು ಕಾರ್ಯಾಂಗ ಪರಿಷತ್ತುಗಳ ಕ್ಲರ್ಕ್ ಆಗಿದ್ದ. ಆ ಜಾಗಕ್ಕೆ ವಿಲಿಯಂ ಮ್ಯಾಕ್‌ಫರ್ಸನ್ ಬಂದ. ಗೆಜೆಟ್ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಈ ಡೀಸ್ ಥಾಮ್ಸನ್ 1833ರಲ್ಲಿ ಗವರ್ನರ್ ರಿಚರ್ಡ್ ಬೋರ್ಕ್‌ನ ಮಗಳನ್ನು ಮದುವೆಯಾಗಿದ್ದ, ಅಂದರೆ ವಸಾಹತಿನ ಅತಿ ದೊಡ್ಡ ಕಚೇರಿಗೆ ಬಂದವನು ಗವರ್ನರನ ಅಳಿಯ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಲು ಸಿಡ್ನಿ ಹೆರಾಲ್ಡ್‌ನಂಥ ಪತ್ರಿಕೆಗಳನ್ನು ತೆರೆಯಬೇಕು. ಅವೂ ಟ್ರೋವ್‌ನಲ್ಲೇ ಇವೆ. ಥಾಮ್ಸನ್ ಸಮರ್ಥನಾಗಿದ್ದ, ಸುಮಾರು ಇಪ್ಪತ್ತು ವರ್ಷ ಆ ಕಚೇರಿಯನ್ನು ನಡೆಸಿದ. ಅವನ ಸಾಮರ್ಥ್ಯ ಬೇರೆ, ಅವನು ಆ ಕುರ್ಚಿಗೆ ಬಂದ ಬಗೆ ಬೇರೆ. ನೇಮಕಾತಿಗಳ ಬೆನ್ನು ಹತ್ತುವವರು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಸೇನಾಧಿಕಾರಿಗಳದ್ದು ಇನ್ನೊಂದು ದಾರಿ. ವಸಾಹತಿನಲ್ಲಿ ಕಾವಲಿಗಿದ್ದ ರೆಜಿಮೆಂಟಿನವರನ್ನೇ ಮ್ಯಾಜಿಸ್ಟ್ರೇಟ್ ಮುಂತಾದ ನಾಗರಿಕ ಹುದ್ದೆಗಳಿಗೆ ಹಾಕುವ ರೂಢಿಯಿತ್ತು. 1836ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಫಿಲಿಪ್‌ಗೆ ಮೊದಲ ಪೊಲೀಸ್ ಮ್ಯಾಜಿಸ್ಟ್ರೇಟ್ ಆಗಿ ಹೋದ ವಿಲಿಯಂ ಲಾನ್ಸ್‌ಡೇಲ್ 4ನೇ ರೆಜಿಮೆಂಟಿನ ಕ್ಯಾಪ್ಟನ್. ಮುಂದೆ ಮೆಲ್ಬರ್ನ್ ಆಗಲಿದ್ದ ಜಾಗಕ್ಕೆ ಸರ್ಕಾರ ಕಾಲಿಟ್ಟದ್ದು ಆ ನೇಮಕಾತಿಯ ಮೂಲಕ. ರೆಜಿಮೆಂಟಿನ ಅಧಿಕಾರಿಯೊಬ್ಬನ ಹೆಸರು ಗೆಜೆಟ್‌ನಲ್ಲಿ ನಾಲ್ಕೈದು ವರ್ಷ ಕಂಡು ಥಟ್ಟನೆ ಮಾಯವಾದರೆ ಅವನ ರೆಜಿಮೆಂಟ್ ಎಲ್ಲಿಗೆ ಹೋಯಿತೆಂದು ನೋಡಿ. ಎಷ್ಟೋ ಸಲ ಅದು ಹೋಗಿರುವುದು ಭಾರತಕ್ಕೇ.

ಕೊಡಗಿನ ಎಳೆ ಸಿಗುವುದು ಇಲ್ಲೇ. ಗವರ್ನರ್ ರಾಲ್ಫ್ ಡಾರ್ಲಿಂಗ್ ಸಿಡ್ನಿ ಬಿಟ್ಟು, ಬೋರ್ಕ್ ಇನ್ನೂ ಬಂದಿರದ 1831ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ 39ನೇ ರೆಜಿಮೆಂಟಿನ ಕರ್ನಲ್ ಪ್ಯಾಟ್ರಿಕ್ ಲಿಂಡ್ಸೆ ಹಂಗಾಮಿ ಗವರ್ನರ್ ಆಗಿದ್ದ. ಗವರ್ನಮೆಂಟ್ ಗೆಜೆಟ್ ಆಗಿನ್ನೂ ಹುಟ್ಟಿರಲಿಲ್ಲವಾದ್ದರಿಂದ ಅವನ ಆಜ್ಞೆಗಳನ್ನು ಸಿಡ್ನಿ ಗೆಜೆಟ್‌ನಲ್ಲಿ ಹುಡುಕಬೇಕು. 1832ರಲ್ಲಿ ರೆಜಿಮೆಂಟಿನ ಜೊತೆ ಭಾರತಕ್ಕೆ ಹೊರಟ ಅವನು 1834ರ ಏಪ್ರಿಲ್‌ನಲ್ಲಿ ಕೊಡಗಿನ ಮೇಲೆ ನಡೆದ ದಂಡಯಾತ್ರೆಯ ಮುಖ್ಯಸ್ಥನಾದ. ಚಿಕ್ಕವೀರರಾಜೇಂದ್ರನನ್ನು ಇಳಿಸಿ ಮಡಿಕೇರಿಯಲ್ಲಿ ಬ್ರಿಟಿಷ್ ಬಾವುಟ ಏರಿಸಿದ ಸೇನೆಯ ‘ಕರ್ನಲ್ ಲಿಂಡ್ಸೆ’ ಈತನೇ. ಕೊಡಗಿನ ಚರಿತ್ರೆ ಓದಿದವರಿಗೆ ಈ ಹೆಸರು ಪರಿಚಿತ. ಅವನು ಅದಕ್ಕೆ ಮೊದಲು ಏನಾಗಿದ್ದ ಎಂಬುದು ಸಿಡ್ನಿಯ ಗೆಜೆಟ್‌ನಲ್ಲಿದೆ.

ಜಮೀನಿನ ಪ್ರಕಟಣೆಗಳನ್ನು ಲೆಕ್ಕ ಹಾಕುವುದು

ನಮ್ಮ ಪಹಣಿ ನೋಡಿ ಬೆಳೆದವರಿಗೆ ಈ ಭಾಗ ಸುಲಭ. ಅಲ್ಲಿಯ ಅಳತೆ ಎಕರೆ, ರೂಡ್, ಪರ್ಚ್. ಒಂದು ಎಕರೆಗೆ 4 ರೂಡ್, ಒಂದು ರೂಡ್‌ಗೆ 40 ಪರ್ಚ್. ನಮ್ಮಲ್ಲಿ ಎಕರೆಗೆ 40 ಗುಂಟೆ. ಹಾಗಾಗಿ ಒಂದು ರೂಡ್ ಎಂದರೆ ಸರಿಯಾಗಿ 10 ಗುಂಟೆ, 4 ಪರ್ಚ್ ಎಂದರೆ 1 ಗುಂಟೆ. ಗೆಜೆಟ್‌ನಲ್ಲಿ 2 ಎಕರೆ 1 ರೂಡ್ 20 ಪರ್ಚ್ ಎಂದಿದ್ದರೆ ಅದು 2 ಎಕರೆ 15 ಗುಂಟೆ. ಎಲ್ಲೆಯ ವಿವರಣೆಯಲ್ಲಿ ಬರುವ ಚೈನ್ ಮಾತ್ರ 66 ಅಡಿಯದು, 100 ಲಿಂಕ್‌ಗಳದು. ನಮ್ಮ ಮೋಜಣಿಯ 33 ಅಡಿ ಸರಪಳಿಯ ಎರಡರಷ್ಟು. ಇದನ್ನು ಮರೆತರೆ ವಿಸ್ತೀರ್ಣ ನಾಲ್ಕು ಪಟ್ಟು ತಪ್ಪುತ್ತದೆ.

ಹಣ ಪೌಂಡ್, ಷಿಲಿಂಗ್, ಪೆನ್ಸ್‌ಗಳಲ್ಲಿದೆ. 20 ಷಿಲಿಂಗಿಗೆ ಒಂದು ಪೌಂಡ್, 12 ಪೆನ್ಸ್‌ಗೆ ಒಂದು ಷಿಲಿಂಗ್. 1831ರಿಂದ ಸರ್ಕಾರಿ ಜಮೀನನ್ನು ಉಚಿತವಾಗಿ ಕೊಡುವುದು ನಿಂತು ಹರಾಜು ಶುರುವಾಯಿತು. ಕನಿಷ್ಠ ಬೆಲೆ ಎಕರೆಗೆ 5 ಷಿಲಿಂಗ್. 1830ರ ದಶಕದ ಕೊನೆಗೆ ಅದು 12 ಷಿಲಿಂಗ್ ಆಯಿತು, 1842ರ ಕಾಯ್ದೆಯಿಂದ ಒಂದು ಪೌಂಡ್‌ಗೆ ಏರಿತು. 640 ಎಕರೆಯ ಒಂದು ಚದರ ಮೈಲಿ ಹಿಡುವಳಿಗೆ ಮೊದಲು 160 ಪೌಂಡ್ ಸಾಕಿತ್ತು, ಹತ್ತು ವರ್ಷ ಕಳೆದ ಮೇಲೆ 640 ಬೇಕಾಯಿತು. ಹರಾಜಿನ ನೋಟಿಸು ಓದುವಾಗ ಆ ವರ್ಷದ ಕನಿಷ್ಠ ಬೆಲೆ ಎಷ್ಟಿತ್ತೆಂದು ಪಕ್ಕದಲ್ಲಿ ಬರೆದುಕೊಂಡರೆ ಯಾವ ಜಮೀನಿಗೆ ಪೈಪೋಟಿ ಇತ್ತೆಂಬುದು ತಾನೇ ಕಾಣುತ್ತದೆ.

ಊರಿನ ಹೆಸರುಗಳಲ್ಲಿ ಎಚ್ಚರ ಬೇಕು. ವಸಾಹತಿನ ನೆಲೆಯೂರಬಹುದಾದ ಭಾಗವನ್ನು 19 ಕೌಂಟಿಗಳಾಗಿ ಹಂಚಿದ್ದರು. ಅವುಗಳಲ್ಲಿ ಬ್ರಿಸ್ಬೇನ್ ಕೌಂಟಿ ಎಂಬುದು ಹಂಟರ್ ನದಿಯ ಮೇಲ್ಭಾಗದ್ದು, ಈಗಿನ ಬ್ರಿಸ್ಬೇನ್ ನಗರಕ್ಕೆ ಅದು ಸಂಬಂಧವಿಲ್ಲ. ವೆಲಿಂಗ್ಟನ್ ಕೌಂಟಿ ನ್ಯೂಜಿಲೆಂಡಿನದಲ್ಲ. ಕಂಬರ್ಲೆಂಡ್, ಡರ್ಹಂ, ನಾರ್ತಂಬರ್ಲೆಂಡ್ ಎಂದರೆ ಇಂಗ್ಲೆಂಡಿನವಲ್ಲ, ಸಿಡ್ನಿಯೇ ಕಂಬರ್ಲೆಂಡ್ ಕೌಂಟಿಯಲ್ಲಿದೆ. ಕೌಂಟಿ, ಅದರೊಳಗಿನ ಸಣ್ಣ ವಿಭಾಗವಾದ ಪ್ಯಾರಿಷ್, ಜಮೀನಿನ ತುಂಡಿಗೆ ಕೊಟ್ಟ ಪೋರ್ಷನ್ ನಂಬರು ಮೂರೂ ಸಿಕ್ಕರೆ ಆ ತುಂಡನ್ನು ಹಳೆಯ ಪ್ಯಾರಿಷ್ ನಕ್ಷೆಯಲ್ಲಿ ಗುರುತಿಸಬಹುದು.

19 ಕೌಂಟಿಗಳ ಆಚೆ ಕುರಿ, ದನ ಅಟ್ಟಿಕೊಂಡು ಹೋದವರಿಗೆ 1836ರಿಂದ ವರ್ಷಕ್ಕೆ 10 ಪೌಂಡ್ ಲೈಸೆನ್ಸು. ಅದನ್ನು ಪಡೆದವರ ಪಟ್ಟಿಗಳೂ, 1848ರ ಹೊತ್ತಿಗೆ ಗುತ್ತಿಗೆ ಕೋರಿದವರ ಉದ್ದುದ್ದ ಪಟ್ಟಿಗಳೂ ಗೆಜೆಟ್‌ನಲ್ಲಿವೆ. ಎಷ್ಟು ಎಕರೆ, ಎಷ್ಟು ಕುರಿ ಮೇಯಬಹುದು, ಯಾವ ತೊರೆಯಿಂದ ಯಾವ ಗುಡ್ಡದವರೆಗೆ ಎಂಬ ವಿವರ ಅಲ್ಲಿ ಸಿಗುತ್ತದೆ.

ಕೈದಿಗಳ ಪಟ್ಟಿ

1788ರಿಂದ 1840ರವರೆಗೆ ಸುಮಾರು 80,000 ಕೈದಿಗಳನ್ನು ನ್ಯೂ ಸೌತ್ ವೇಲ್ಸ್‌ಗೆ ಸಾಗಿಸಲಾಯಿತು. ಯಾವ ಕೈದಿಯನ್ನು ಯಾವ ಯಜಮಾನನ ಕೆಲಸಕ್ಕೆ ಹಚ್ಚಿದರು, ಯಾರಿಗೆ ಷರತ್ತಿನ ಬಿಡುಗಡೆಯ ಚೀಟಿ ಸಿಕ್ಕಿತು, ಯಾರ ಚೀಟಿ ರದ್ದಾಯಿತು, ಯಾರು ಓಡಿಹೋದರು ಎಂಬ ಪಟ್ಟಿಗಳು ಬರುತ್ತಿದ್ದವು. ಓಡಿಹೋದವರ ಪಟ್ಟಿಯಲ್ಲಿ ವಯಸ್ಸು, ಹುಟ್ಟಿದ ಊರು, ಕಸುಬು, ಎತ್ತರ, ಮೈಬಣ್ಣ, ಕಣ್ಣು, ಗಾಯದ ಗುರುತು, ಹಚ್ಚೆಯಲ್ಲಿದ್ದ ಅಕ್ಷರಗಳವರೆಗೆ ಬರೆದಿರುತ್ತಾರೆ. ಇವರ ಮುಖವನ್ನು ಯಾವ ಚಿತ್ರಕಾರನೂ ಬರೆದಿಡಲಿಲ್ಲ. ಹಿಡಿದು ತರಲೆಂದು ಬರೆದ ಆ ನಾಲ್ಕು ಸಾಲೇ ಎಷ್ಟೋ ಜನರ ಮೈಯ ಬಗ್ಗೆ ಉಳಿದಿರುವ ವಿವರ. ಅದನ್ನು ಅವಸರದಲ್ಲಿ ದಾಟಿ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಗುರುತು ಹಿಡಿಯುವಾಗ ಹೆಸರು, ಹಡಗು ಎರಡನ್ನೂ ಸೇರಿಸಿ ನೋಡಿ. ಜಾನ್ ಸ್ಮಿತ್‌ಗಳು ಲೆಕ್ಕವಿಲ್ಲದಷ್ಟಿದ್ದಾರೆ. ಏಷ್ಯಾ ಎಂಬಂಥ ಹೆಸರಿನ ಹಡಗು ಹಲವು ಸಲ ಬಂದಿರುವುದರಿಂದ ಹಡಗಿನ ಹೆಸರಿನ ಪಕ್ಕದ ಅಂಕಿ ಅದು ಎಷ್ಟನೆಯ ಯಾನ ಎಂಬುದನ್ನು ಸೂಚಿಸುತ್ತದೆ.

ಬಿಟ್ಟುಹೋದದ್ದನ್ನು ಓದುವುದು

ಇಷ್ಟು ದಿನ ಈ ಪುಟಗಳನ್ನು ಓದಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿರುವುದು ಈ ಹೆಜ್ಜೆ. ಗೆಜೆಟ್‌ನ ಸಾಲು ನಡೆದದ್ದರ ವರದಿಯ ಹಾಗೆ ಕಾಣುತ್ತದೆ. ನಿಜದಲ್ಲಿ ಆ ಸಾಲೇ ಒಂದು ಕ್ರಿಯೆ. ಅದು ಅಚ್ಚಾದದ್ದರಿಂದಲೇ ಒಬ್ಬನಿಗೆ ಅಧಿಕಾರ ಬಂತು, ಇನ್ನೊಬ್ಬನ ನೆಲ ಹೋಯಿತು.

1835ರ ಜೂನ್‌ನಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಪೋರ್ಟ್ ಫಿಲಿಪ್‌ನ ಕುಲಿನ್ ಜನರ ಹಿರಿಯರೊಂದಿಗೆ ಒಪ್ಪಂದ ಮಾಡಿಕೊಂಡೆನೆಂದು ಹೇಳಿಕೊಂಡ. ಕಂಬಳಿ, ಕೊಡಲಿ, ಹಿಟ್ಟುಗಳಿಗೆ ಪ್ರತಿಯಾಗಿ ಲಕ್ಷಾಂತರ ಎಕರೆ. ಆ ಒಪ್ಪಂದ ನ್ಯಾಯದ್ದಾಗಿರಲಿಲ್ಲ. ಅದಕ್ಕೆ ಗವರ್ನರ್ ಬೋರ್ಕ್ 1835ರ ಆಗಸ್ಟ್ 26ರ ಘೋಷಣೆಯಲ್ಲಿ ಕೊಟ್ಟ ಉತ್ತರವನ್ನು ಗಮನವಿಟ್ಟು ಓದಬೇಕು. ಮೂಲನಿವಾಸಿಗಳಿಗೆ ಅನ್ಯಾಯವಾಯಿತೆಂದು ಅವನು ಒಪ್ಪಂದವನ್ನು ರದ್ದು ಮಾಡಲಿಲ್ಲ. ಆ ನೆಲ ಬ್ರಿಟಿಷ್ ದೊರೆತನದ ಖಾಲಿ ಜಮೀನು, ಆದ್ದರಿಂದ ಸರ್ಕಾರದ ಅನುಮತಿ ಇಲ್ಲದೆ ಅಲ್ಲಿರುವವರು ಅತಿಕ್ರಮಣಕಾರರು ಎಂದ. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳುತ್ತಿದ್ದವರು ಒಂದು ವಿಶೇಷಣದಲ್ಲಿ ಇಲ್ಲವಾದರು. ಇದಾದ ಮೇಲೆ ಗೆಜೆಟ್‌ನಲ್ಲಿ ‘ಖಾಲಿ’ ಎಂಬರ್ಥದ ಪದ ಬಂದಲ್ಲೆಲ್ಲ ನಿಂತು, ಅಲ್ಲಿ ಯಾವ ಜನರಿದ್ದರು ಎಂದು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ. ಮೇಲೆ ಹೇಳಿದ 1848ರ ಪಟ್ಟಿಗಳಲ್ಲಿ ತೊರೆ, ಗುಡ್ಡ, ಹುಲ್ಲುಗಾವಲುಗಳಿಗೆ ಆ ಜನರೇ ಇಟ್ಟ ಹೆಸರುಗಳು ಉಳಿದಿವೆ. ಅವು ಒಳ್ಳೆಯ ಸುಳಿವು.

ತಡೆಹಿಡಿದ ಪ್ರಕಟಣೆಯೂ ಒಂದು ಸಾಕ್ಷಿ. ಮೂಲನಿವಾಸಿಗಳೂ ರಾಣಿಯ ಪ್ರಜೆಗಳು, ಅವರ ಅಸಹಜ ಸಾವಿಗೂ ಬಿಳಿಯರ ಸಾವಿನಂತೆಯೇ ವಿಚಾರಣೆ ನಡೆಯಬೇಕು ಎಂಬ ಪ್ರಕಟಣೆಯೊಂದನ್ನು ಗವರ್ನರ್ ಗಿಪ್ಸ್ 1838ರಲ್ಲೇ ಸಿದ್ಧಪಡಿಸಿದ್ದ. ವಲಸಿಗರ ಸಿಟ್ಟಿಗೆ ಅಂಜಿ ಅದನ್ನು ಹಿಡಿದಿಟ್ಟ. ಆ ವರ್ಷದ ಜೂನ್‌ನಲ್ಲಿ ಮಯಾಲ್ ಕ್ರೀಕ್‌ನಲ್ಲಿ ಮೂಲನಿವಾಸಿಗಳ ಕಗ್ಗೊಲೆಯಾಯಿತು, ಡಿಸೆಂಬರ್‌ನಲ್ಲಿ ಕೊಂದವರಲ್ಲಿ ಏಳು ಮಂದಿಗೆ ಗಲ್ಲಾಯಿತು. ಪ್ರಕಟಣೆ ಅಚ್ಚಾದದ್ದು 1839ರ ಮೇ ತಿಂಗಳಲ್ಲಿ. ಬರೀ ಗೆಜೆಟ್ ಓದಿದರೆ ಅದು 1839ರ ಆಲೋಚನೆ ಎನಿಸುತ್ತದೆ. ಗವರ್ನರ್ ಲಂಡನ್‌ಗೆ ಬರೆದ ಪತ್ರಗಳನ್ನೂ ಓದಿದಾಗ ಮಾತ್ರ ಆ ಒಂದು ವರ್ಷದ ಮೌನ ಗೊತ್ತಾಗುತ್ತದೆ. ಆ ಪತ್ರಗಳು ‘ಹಿಸ್ಟಾರಿಕಲ್ ರೆಕಾರ್ಡ್ಸ್ ಆಫ್ ಆಸ್ಟ್ರೇಲಿಯಾ’ ಸಂಪುಟಗಳಲ್ಲಿ ಅಚ್ಚಾಗಿವೆ.

ಈ ಭಾಷೆ ನಮಗೆ ಹೊಸದಲ್ಲ. 1834ರ ಮೇ 7ರಂದು ಮಡಿಕೇರಿಯಲ್ಲಿ ಬ್ರಿಟಿಷರ ರಾಜಕೀಯ ಪ್ರತಿನಿಧಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಬ್ರಿಟಿಷ್ ಸರ್ಕಾರದ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ಎಲ್ಲ ಜನರ ಒಮ್ಮತದ ಬಯಕೆ ಎಂದು ಶುರುವಾಗುತ್ತದೆ. ಹೀಗೆ ಅಚ್ಚಾದ ಮೂರು ವರ್ಷಕ್ಕೇ, 1837ರಲ್ಲಿ, ಕೊಡಗು ಮತ್ತು ದಕ್ಷಿಣ ಕನ್ನಡದಲ್ಲಿ ಜನ ದಂಗೆಯೆದ್ದರು. ಪೋರ್ಟ್ ಫಿಲಿಪ್‌ನಲ್ಲಿ ಜನರೇ ಇಲ್ಲ ಎಂದರು, ಕೊಡಗಿನಲ್ಲಿ ಎಲ್ಲ ಜನರೂ ಒಪ್ಪಿದ್ದಾರೆ ಎಂದರು. ಎರಡು ಘೋಷಣೆಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಆಡಳಿತದ ಗದ್ಯ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ತಾಳೆ ನೋಡಿ, ಬರೆದಿಡಿ

ನೇಮಕಾತಿ ಖಚಿತವೇ ಎಂದು ನೋಡಲು ಮೂರು ಕಡೆ ಹೋಗಬಹುದು. ಒಂದು, ‘ಬ್ಲೂ ಬುಕ್’ ಎಂಬ ವಾರ್ಷಿಕ ಲೆಕ್ಕ. 1822ರಿಂದ 1857ರವರೆಗೆ ನ್ಯೂ ಸೌತ್ ವೇಲ್ಸ್‌ನಿಂದ ಲಂಡನ್‌ಗೆ ಕಳಿಸುತ್ತಿದ್ದ ಇದರಲ್ಲಿ ಪ್ರತಿ ನೌಕರನ ಹುದ್ದೆ, ಸಂಬಳ, ನೇಮಕವಾದ ತಾರೀಖು ಇರುತ್ತದೆ. ಗೆಜೆಟ್‌ನಲ್ಲಿ ನೇಮಕವಾಗಿ ಬ್ಲೂ ಬುಕ್‌ನಲ್ಲಿ ಕಾಣದವನು ಬಹುಶಃ ಹುದ್ದೆಗೆ ಸೇರಲೇ ಇಲ್ಲ. ಎರಡು, ಅದೇ ವಾರದ ಸಿಡ್ನಿ ಪತ್ರಿಕೆಗಳು. ಮೂರು, ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ. ಇದೂ ಜಾಲದಲ್ಲಿ ಉಚಿತ. ದೊಡ್ಡವರಿಗೆ ಮಾತ್ರ ಇದು ಸಾಕು. ದೊಡ್ಡಿ ಕಾಯುವವನನ್ನೋ ಅಂಚೆಯವನನ್ನೋ ಹುಡುಕುವಾಗ ಗೆಜೆಟ್‌ನ ಒಂದು ಸಾಲೇ ಪೂರ್ತಿ ಆಸ್ತಿ.

ಬರೆದಿಡುವಾಗ ಪತ್ರಿಕೆಯ ಹೆಸರು, ಅಚ್ಚಾದ ತಾರೀಖು, ಪುಟ ಸಂಖ್ಯೆ, ಕಚೇರಿ, ಪ್ರಕಟಣೆಯ ಒಳಗಿನ ತಾರೀಖು ಮತ್ತು ಟ್ರೋವ್ ಕೊಡುವ ಶಾಶ್ವತ ಕೊಂಡಿ ಇವಿಷ್ಟನ್ನೂ ಒಂದೇ ಸಾಲಿನಲ್ಲಿ ಹಾಕಿ. ಹೆಸರನ್ನು ಅಚ್ಚಾದಂತೆಯೇ ನಕಲು ಮಾಡಿ, ತಿದ್ದಿದ ರೂಪವನ್ನು ಪಕ್ಕದಲ್ಲಿ ಬರೆಯಿರಿ. ಪ್ರಕಟಣೆಯ ಮೇಲೆ 36, ಅಡ್ಡಗೆರೆ, ನಂತರ ನಾಲ್ಕಂಕಿಯ ಸಂಖ್ಯೆ ಇಂಥದ್ದೇನಾದರೂ ಕಂಡರೆ ಅದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ವರ್ಷ ಮತ್ತು ಪತ್ರದ ಸಂಖ್ಯೆಯನ್ನು ಕಾರ್ಯದರ್ಶಿಯ ಕಚೇರಿಯಲ್ಲಿ ಹಾಗೆ ಬರೆಯುತ್ತಿದ್ದರು. ಪತ್ರಾಗಾರದಲ್ಲಿ ಮೂಲ ಕಡತ ಹುಡುಕಲು ಅದು ನೇರ ದಾರಿ.

ಓದುತ್ತಾ ಹೋದಂತೆ ಯಂತ್ರ ತಪ್ಪಾಗಿ ಓದಿದ ಹೆಸರು, ಅಂಕಿಗಳು ಕಣ್ಣಿಗೆ ಬೀಳುತ್ತವೆ. ಟ್ರೋವ್‌ನಲ್ಲಿ ಅವನ್ನು ಓದುಗರೇ ತಿದ್ದಬಹುದು. ನೀವು ಹುಡುಕಿ ಹುಡುಕಿ ಕಂಡುಕೊಂಡ ಆ ಒಂದು ಹೆಸರನ್ನು ಪುಟದ ಚಿತ್ರಕ್ಕೆ ಹೋಲಿಸಿ ಸರಿಪಡಿಸಿ ಹೊರಬನ್ನಿ. ಮುಂದೆ ಅದನ್ನೇ ಹುಡುಕಿಕೊಂಡು ಬರುವವರಿಗೆ ಮೊದಲ ಸಲಕ್ಕೇ ಸಿಗುತ್ತದೆ.